ರೇಷನ್ ಕಾರ್ಡಿನಲ್ಲಿ ಬರೆಯದ ಬಡತನ

ತಾಜಸುಲ್ತಾನಪುರ ಇರುವುದು ಕಲಬುರಗಿ ನಗರದ ಅಂಚಿಗೇ. ಹೆಸರು ಹೇಳಿದರೆ ಬಹಳ ಜನರಿಗೆ ಮೊದಲು ನೆನಪಾಗುವುದು ಅಲ್ಲಿನ ರಾಜ್ಯ ಮೀಸಲು ಪೊಲೀಸ್ (ಕೆಎಸ್‌ಆರ್‌ಪಿ) ಪಡೆ. ಆ ಖಾಕಿ ತೊಡಬೇಕು ಎಂಬ ಆಸೆ ಸುತ್ತಲಿನ ಹಳ್ಳಿಗಳ ಹುಡುಗರಲ್ಲಿ ಹುಟ್ಟುವುದು ಸಹಜ. ಸರ್ಕಾರಿ ನೌಕರಿ, ತಿಂಗಳಾದರೆ ಪಗಾರ, ಮನೆಗೊಂದು ಆಸರೆ. ಆದರೆ ಆ ಪಡೆಯ ಕಾನ್‌ಸ್ಟೆಬಲ್ ಹುದ್ದೆಗೆ ಅರ್ಜಿ ಹಾಕಲು ಕನಿಷ್ಠ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಎತ್ತರ, ಎದೆಯಳತೆ, ಓಟ ಎಲ್ಲ ಆಮೇಲಿನ ಮಾತು.

2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆಯ ಫಲಿತಾಂಶ ಶೇ 42.43. ಇಡೀ ರಾಜ್ಯದಲ್ಲಿ ಕೊನೆಯ ಸ್ಥಾನ. ಮೊದಲ ಸ್ಥಾನದಲ್ಲಿದ್ದ ದಕ್ಷಿಣ ಕನ್ನಡದ್ದು ಶೇ 91.12. ಪರೀಕ್ಷೆ ಬರೆದ ನೂರು ಮಕ್ಕಳಲ್ಲಿ ಐವತ್ತೇಳಕ್ಕೂ ಹೆಚ್ಚು ಮಕ್ಕಳು ಆ ಅರ್ಜಿ ಹಾಕುವ ಅರ್ಹತೆಯನ್ನೇ ಆ ದಿನ ಪಡೆಯಲಿಲ್ಲ. ಹತ್ತನೇ ತರಗತಿವರೆಗೆ ಬಾರದೆ ನಡುವೆಯೇ ಸಾಲಿ ಬಿಟ್ಟವರು ಈ ಲೆಕ್ಕದೊಳಗೆ ಇಲ್ಲವೇ ಇಲ್ಲ.

ಫಲಿತಾಂಶ ಬಂದ ವಾರವೆಲ್ಲ ಅದರದೇ ಚರ್ಚೆ ನಡೆಯುತ್ತದೆ. ಅಧಿಕಾರಿಗಳಿಗೆ ನೋಟಿಸ್, ಶಿಕ್ಷಕರ ಮೇಲೆ ಸಿಟ್ಟು, ಮುಂದಿನ ವರ್ಷಕ್ಕೆ ಕ್ರಿಯಾ ಯೋಜನೆ. ಆಮೇಲೆ ಮಳೆಗಾಲ, ಬಿತ್ತನೆ, ಮತ್ತೊಂದು ಶೈಕ್ಷಣಿಕ ವರ್ಷ. ಈ ಚರ್ಚೆಯಲ್ಲಿ ಸೋಲನ್ನು ಪರೀಕ್ಷೆಯ ಸೋಲು ಎಂದು ನೋಡುತ್ತೇವೆ, ಶಿಕ್ಷಣ ಇಲಾಖೆಯ ವೈಫಲ್ಯ ಎಂದು ನೋಡುತ್ತೇವೆ; ಬಡತನ ಎಂದು ನೋಡುವುದಿಲ್ಲ. ಓದಲು ಬಾರದೆ ಬೆಳೆಯುವುದು ಬಡತನದ ಫಲ ಮಾತ್ರವಲ್ಲ, ಅದೇ ಒಂದು ಬಡತನ. ಹಸಿವು ನೀಗಿಸುವುದಕ್ಕೆ, ಸೂರು ಕಟ್ಟಿಕೊಡುವುದಕ್ಕೆ ಸರ್ಕಾರ ಎಷ್ಟು ಬದ್ಧವೋ ಅಷ್ಟೇ ಬದ್ಧತೆಯಿಂದ ಅದನ್ನು ನೀಗಿಸಬೇಕು. ಬಡತನ ನಿರ್ಮೂಲನೆಯ ನೀತಿಯಲ್ಲಿ ಅದಕ್ಕೆ ಇಂದು ಸಿಕ್ಕಿರುವ ಜಾಗ ಬಹಳ ಚಿಕ್ಕದು.

ಲೆಕ್ಕದಲ್ಲಿ ಸಾಲಿ ಎಲ್ಲಿದೆ?

ಬಡವರು ಯಾರು ಎಂದು ತೀರ್ಮಾನಿಸಲು ನಮ್ಮ ದೇಶ ಬಹುಕಾಲ ಅನ್ನವನ್ನೇ ಅಳತೆಗೋಲು ಮಾಡಿಕೊಂಡಿತ್ತು. 1979ರಲ್ಲಿ ಯೋಜನಾ ಆಯೋಗದ ಕಾರ್ಯಪಡೆ ಹಳ್ಳಿಯವರಿಗೆ ದಿನಕ್ಕೆ 2,400 ಕ್ಯಾಲೊರಿ, ಪಟ್ಟಣದವರಿಗೆ 2,100 ಕ್ಯಾಲೊರಿ ಬೇಕೆಂದು ಗೊತ್ತುಮಾಡಿತು. ಅಷ್ಟು ಆಹಾರ ದಕ್ಕಿಸಿಕೊಳ್ಳುವ ಮಟ್ಟದ ಖರ್ಚೇ ಬಡತನದ ಗೆರೆ. ಸಾಲಿ ಮತ್ತು ದವಾಖಾನೆಯನ್ನು ಸರ್ಕಾರವೇ ನೋಡಿಕೊಳ್ಳುತ್ತದೆ ಎಂಬ ನಂಬಿಕೆ ಆ ಲೆಕ್ಕದ ಅಡಿಯಲ್ಲಿತ್ತು. ಆ ನಂಬಿಕೆ ಹುಸಿಯಾಯಿತು ಎಂಬುದನ್ನು ಒಪ್ಪಿಕೊಂಡದ್ದು 2009ರಲ್ಲಿ ವರದಿ ಕೊಟ್ಟ ಸುರೇಶ್ ತೆಂಡೂಲ್ಕರ್ ಸಮಿತಿ. ಶಿಕ್ಷಣ ಮತ್ತು ಆರೋಗ್ಯಕ್ಕೆ ಮನೆಯವರು ಕೈಯಿಂದ ಮಾಡುವ ಖರ್ಚನ್ನೂ ಅದು ಗಣನೆಗೆ ತಂದಿತು. ಆ ವಿಧಾನದಂತೆ 2011–12ಕ್ಕೆ ಹಳ್ಳಿಯಲ್ಲಿ ತಲೆಗೆ ತಿಂಗಳಿಗೆ 816 ರೂಪಾಯಿ, ಪಟ್ಟಣದಲ್ಲಿ 1,000 ರೂಪಾಯಿ ಗೆರೆಯಾಯಿತು. ಆದರೂ ಲೆಕ್ಕ ಹಿಡಿದದ್ದು ಸಾಲಿಗೆ ಮಾಡಿದ ಖರ್ಚನ್ನು. ಮಗು ಕಲಿಯಿತೋ ಇಲ್ಲವೋ ಎಂಬುದು ಅದರೊಳಗೆ ಬರಲಿಲ್ಲ.

ಮುಂದಿನ ಹೆಜ್ಜೆ ಬಹು ಆಯಾಮದ ಬಡತನ ಸೂಚ್ಯಂಕ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರೂ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದವರೂ 2010ರಲ್ಲಿ ರೂಪಿಸಿದ ಈ ವಿಧಾನವನ್ನು ನೀತಿ ಆಯೋಗ ನಮ್ಮ ದೇಶಕ್ಕೆ ಹೊಂದಿಸಿತು. ಆರೋಗ್ಯ, ಶಿಕ್ಷಣ, ಜೀವನಮಟ್ಟ ಎಂಬ ಮೂರು ಆಯಾಮ, ಒಟ್ಟು 12 ಸೂಚಕ. 2023ರ ಜುಲೈನಲ್ಲಿ ಬಂದ ವರದಿಯ ಪ್ರಕಾರ 2015–16 ಮತ್ತು 2019–21ರ ನಡುವೆ ದೇಶದಲ್ಲಿ ಇಂಥ ಬಡವರ ಪ್ರಮಾಣ ಶೇ 24.85ರಿಂದ 14.96ಕ್ಕೆ ಇಳಿಯಿತು; ಕರ್ನಾಟಕದಲ್ಲಿ ಶೇ 12.77ರಿಂದ 7.58ಕ್ಕೆ. ಸಂತೋಷಪಡಬೇಕಾದ ಇಳಿಕೆಯೇ. ಮೂರು ಆಯಾಮಗಳಲ್ಲಿ ಒಂದು ಪೂರ್ತಿ ಶಿಕ್ಷಣಕ್ಕೆ ಸಿಕ್ಕಿದ್ದು ದೊಡ್ಡ ಮಾತು.

ಆದರೆ ಆ ಮೂರನೇ ಒಂದು ಭಾಗವನ್ನು ಅಳೆಯುವುದು ಹೇಗೆ ಎಂದು ಒಂದು ಮನೆಯೊಳಗೆ ಇಳಿದು ನೋಡೋಣ. ಶಿಕ್ಷಣಕ್ಕೆ ಎರಡು ಸೂಚಕಗಳಿವೆ. ಮೊದಲನೆಯದು, ಮನೆಯಲ್ಲಿ ಹತ್ತು ವರ್ಷ ದಾಟಿದ ಒಬ್ಬರಾದರೂ ಆರು ವರ್ಷ ಸಾಲಿ ಕಲಿತಿದ್ದಾರೆಯೇ? ಎರಡನೆಯದು, ಎಂಟನೇ ತರಗತಿ ಮುಗಿಸುವ ವಯಸ್ಸಿನವರೆಗಿನ ಮಕ್ಕಳೆಲ್ಲ ಸಾಲಿಗೆ ಹೋಗುತ್ತಿದ್ದಾರೆಯೇ? ಕಮಲಾಪುರ ಸೀಮೆಯ ಒಂದು ಕೂಲಿ ಕುಟುಂಬವನ್ನು ಊಹಿಸಿಕೊಳ್ಳಿ. ಅಪ್ಪ ಏಳನೇ ತರಗತಿವರೆಗೆ ಓದಿದ್ದಾನೆ, ಅವ್ವನಿಗೆ ಅಕ್ಷರ ಬಾರದು. ಮಗಳು ಆರನೇ ತರಗತಿ, ಮಗ ನಾಲ್ಕನೇ ತರಗತಿ. ಇಬ್ಬರ ಹೆಸರೂ ಹಾಜರಿ ಪುಸ್ತಕದಲ್ಲಿದೆ, ಇಬ್ಬರೂ ಸಾಲಿಗೆ ಹೋಗುತ್ತಾರೆ. ಅಪ್ಪನ ಏಳು ವರ್ಷದ ಓದಿನಿಂದ ಮೊದಲ ಸೂಚಕದಲ್ಲಿ ಇಡೀ ಮನೆಯೇ ಪಾರು. ಮಕ್ಕಳು ಸಾಲಿಗೆ ಹೋಗುವುದರಿಂದ ಎರಡನೆಯದರಲ್ಲೂ ಪಾರು. ಮಗಳಿಗೆ ಎರಡನೇ ತರಗತಿಯ ಪಾಠ ಓದಲು ಬಾರದಿದ್ದರೂ, ಮಗನಿಗೆ ಕಾಗುಣಿತವೇ ಹಿಡಿತಕ್ಕೆ ಸಿಗದಿದ್ದರೂ ಸರ್ಕಾರದ ಲೆಕ್ಕದಲ್ಲಿ ಆ ಮನೆಗೆ ಶಿಕ್ಷಣದ ಕೊರತೆ ಸೊನ್ನೆ. ಆ ಅವ್ವನ ಅನಕ್ಷರತೆಯೂ ಎಲ್ಲೂ ದಾಖಲಾಗುವುದಿಲ್ಲ.

ಇನ್ನೊಂದು ಉದಾಹರಣೆ ನೋಡಿ. 2011ರ ಸಾಮಾಜಿಕ-ಆರ್ಥಿಕ ಮತ್ತು ಜಾತಿ ಗಣತಿ ಹಳ್ಳಿಗಳ ಬಡತನವನ್ನು ಏಳು ಕೊರತೆಗಳ ಮೂಲಕ ಗುರುತಿಸಿತು. 25 ವರ್ಷ ದಾಟಿದ ಒಬ್ಬರೂ ಅಕ್ಷರಸ್ಥರಲ್ಲದ ಮನೆ ಎಂಬುದು ಅವುಗಳಲ್ಲಿ ಒಂದು. ದೇಶದಲ್ಲಿ ಅಂಥ 4.21 ಕೋಟಿ ಗ್ರಾಮೀಣ ಕುಟುಂಬಗಳು ಕಂಡುಬಂದವು. 2018ರಲ್ಲಿ ಆಯುಷ್ಮಾನ್ ಭಾರತ್ ಯೋಜನೆಗೆ ಇದೇ ಗಣತಿಯಿಂದ ಫಲಾನುಭವಿಗಳನ್ನು ಆರಿಸಿದಾಗ ಏಳರಲ್ಲಿ ಆರು ಕೊರತೆಗಳನ್ನು ಪರಿಗಣಿಸಿದರು. ಕೈಬಿಟ್ಟ ಏಳನೆಯದು ಇದೇ ಅನಕ್ಷರತೆ. ಕರ್ನಾಟಕದಲ್ಲಿ ಆರೋಗ್ಯ ಯೋಜನೆ ರೇಷನ್ ಕಾರ್ಡಿನ ಮೇಲೆ ನಡೆಯುವುದರಿಂದ ಇಲ್ಲಿ ಅದರ ಪೆಟ್ಟು ಅಷ್ಟಾಗಿ ಬೀಳಲಿಲ್ಲ. ಆದರೆ ಎಣಿಸಿದ ಕೊರತೆಯನ್ನೇ ಹಕ್ಕು ಕೊಡುವ ಹೊತ್ತಿಗೆ ಬದಿಗಿಟ್ಟರು ಎಂಬುದು ನಮ್ಮ ನೀತಿ ಅಕ್ಷರಕ್ಕೆ ಎಷ್ಟು ಬೆಲೆ ಕೊಡುತ್ತದೆ ಎಂಬುದನ್ನು ಹೇಳುತ್ತದೆ. ಬಿಪಿಎಲ್ ಕಾರ್ಡಿಗೆ ಅರ್ಜಿ ಹಾಕುವಾಗಲೂ ಕೇಳುವುದು ಆದಾಯ, ಜಮೀನು, ಗಾಡಿ. ಮನೆಯಲ್ಲಿ ಯಾರಿಗೆ ಓದಲು ಬರುತ್ತದೆ ಎಂಬ ಪ್ರಶ್ನೆಗೆ ಅಲ್ಲಿ ಜಾಗವಿಲ್ಲ.

ಮೂರನೇ ತರಗತಿಯಲ್ಲೇ ಸೋತ ಮಗು

ಜಗತ್ತಿನ ಬೇರೆ ಕಡೆ ಈ ಕೊರತೆಗೆ ಹೆಸರಿಟ್ಟು ಎಣಿಸುವ ಪ್ರಯತ್ನ ನಡೆದಿದೆ. ವಿಶ್ವಬ್ಯಾಂಕ್ 2019ರಲ್ಲಿ ‘ಕಲಿಕೆಯ ಬಡತನ’ ಎಂಬ ಅಳತೆಯನ್ನು ಮುಂದಿಟ್ಟಿತು. ಹತ್ತನೇ ವಯಸ್ಸಿಗೆ ಸರಳವಾದ ಒಂದು ಬರಹವನ್ನು ಓದಿ ಅರ್ಥಮಾಡಿಕೊಳ್ಳಲಾಗದ ಮಗು ಕಲಿಕೆಯಲ್ಲಿ ಬಡ ಮಗು. ಕೋವಿಡ್‌ಗೆ ಮೊದಲೇ ಕೆಳ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಆ ಸ್ಥಿತಿಯಲ್ಲಿದ್ದರು. ಕೋವಿಡ್ ನಂತರ ಅದು ಶೇ 70 ಮುಟ್ಟಿರಬಹುದು ಎಂದು 2022ರ ಅಂದಾಜು ಹೇಳಿತು. ಇಟಲಿಯಂಥ ಶ್ರೀಮಂತ ದೇಶವೂ ಮಕ್ಕಳ ಶೈಕ್ಷಣಿಕ ಬಡತನದ ವಿರುದ್ಧ 2016ರಲ್ಲಿ ಪ್ರತ್ಯೇಕ ನಿಧಿಯನ್ನೇ ಸ್ಥಾಪಿಸಿತು. ಹೊಟ್ಟೆ ತುಂಬಿದ ಮನೆಯಲ್ಲೂ ಕಲಿಕೆಯ ಬಡತನ ಇರಬಲ್ಲದು, ಅದಕ್ಕೆ ಬೇರೆ ಲೆಕ್ಕ, ಬೇರೆ ಹಣ, ಬೇರೆ ಹೊಣೆಗಾರಿಕೆ ಬೇಕು ಎಂಬ ತಿಳಿವಳಿಕೆ ಅದರ ಹಿಂದಿದೆ.

ನಮ್ಮಲ್ಲಿ ಈ ಸ್ಥಿತಿಯನ್ನು ವರ್ಷಗಳಿಂದ ತೋರಿಸುತ್ತ ಬಂದದ್ದು ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ ‘ಅಸರ್’ ಸಮೀಕ್ಷೆ. ಅದರ ವಿಧಾನ ಸರಳ. ಮಗುವಿನ ಮನೆಗೇ ಹೋಗಿ, ಪಕ್ಕದಲ್ಲಿ ಕೂತು, ಒಂದು ಹಾಳೆ ಕೈಗಿಡುತ್ತಾರೆ. ಅದರಲ್ಲಿ ಬಿಡಿ ಅಕ್ಷರ, ಚಿಕ್ಕ ಪದ, ನಾಲ್ಕು ಸಾಲಿನ ಒಂದನೇ ತರಗತಿ ಮಟ್ಟದ ಬರಹ, ಎರಡನೇ ತರಗತಿ ಮಟ್ಟದ ಚಿಕ್ಕ ಕಥೆ ಇರುತ್ತವೆ. ಮಗು ಎಲ್ಲಿಯವರೆಗೆ ಓದುತ್ತದೋ ಅದೇ ಅದರ ಮಟ್ಟ. 2024ರ ಸಮೀಕ್ಷೆಯಲ್ಲಿ ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ ಮೂರನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಶೇ 23.4. ಐದನೇ ತರಗತಿಯಲ್ಲೂ ಅಂಥವರು ಶೇ 44.8 ಮಾತ್ರ. ಅಂದರೆ ಐದನೇ ತರಗತಿ ಮುಗಿಸುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮೂರು ವರ್ಷ ಹಿಂದಿನ ಪಾಠದ ಬಳಿಯೇ ನಿಂತಿದ್ದಾರೆ.

ಕನ್ನಡ ಓದುವ ಮಗು ಎಲ್ಲಿ ನಿಲ್ಲುತ್ತದೆ ಎಂಬುದು ಕಲಿಸುವ ಮಾಸ್ತರಿಗೆ ಚೆನ್ನಾಗಿ ಗೊತ್ತು. ಅ, ಆ, ಕ, ಖ ಬಾಯಿಪಾಠ ಬರುತ್ತದೆ. ‘ಮರ’, ‘ಗಿಳಿ’ ಓದುತ್ತದೆ. ದೀರ್ಘ ಬಂದಲ್ಲಿ ತಡವರಿಸುತ್ತದೆ, ಒತ್ತಕ್ಷರ ಬಂದಲ್ಲಿ ನಿಂತೇಬಿಡುತ್ತದೆ. ‘ಅಕ್ಕ’ ಎಂಬುದನ್ನು ‘ಅಕ’ ಎಂದು ಓದಿ ಮಾಸ್ತರ ಮುಖ ನೋಡುತ್ತದೆ. ಈ ತೊಡಕನ್ನು ಎರಡನೇ, ಮೂರನೇ ತರಗತಿಯಲ್ಲಿ ದಿನಕ್ಕೆ ಅರ್ಧ ತಾಸು ಕೂಡಿಸಿಕೊಂಡು ಬಿಡಿಸಿದರೆ ಬಿಡುತ್ತದೆ. ಬಿಡಿಸುವವರು ಇಲ್ಲದಿದ್ದರೆ ಮಗು ತೊಡಕು ಹೊತ್ತುಕೊಂಡೇ ನಾಲ್ಕಕ್ಕೆ, ಐದಕ್ಕೆ, ಎಂಟಕ್ಕೆ ಹೋಗುತ್ತದೆ. ಸಮಾಜ ವಿಜ್ಞಾನದ ಪುಸ್ತಕ ತೆರೆದರೆ ಸಾಲು ಸಾಲಿಗೂ ಒತ್ತಕ್ಷರ. ಹತ್ತನೇ ತರಗತಿಯ ಸೋಲು ಎಂದು ನಾವು ಕರೆಯುವುದು ನಿಜದಲ್ಲಿ ಮೂರನೇ ತರಗತಿಯಲ್ಲೇ ಆಗಿಹೋದ ಸೋಲು.

ತೊಗರಿ ಬೆಳೆಯುವ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೆಟೆ ರೋಗ ಮಣ್ಣಿನೊಳಗಿಂದ ಬೇರಿಗೆ ಹತ್ತಿದ ಹೊತ್ತಿನಲ್ಲಿ ಮೇಲೆ ಗಿಡ ಹಸಿರಾಗಿಯೇ ಕಾಣುತ್ತದೆ. ಹೂ ಬಿಟ್ಟು ಕಾಯಿ ಕಟ್ಟುವಾಗ ಒಮ್ಮೆಲೇ ಒಣಗುತ್ತದೆ. ಆಗ ಔಷಧ ಹೊಡೆದು ಉಪಯೋಗವಿಲ್ಲ. ನಮ್ಮ ಜಿಲ್ಲೆಯಲ್ಲಿ ಫಲಿತಾಂಶ ಸುಧಾರಣೆಯ ಹೆಸರಿನಲ್ಲಿ ನಡೆಯುವ ಬಹುಪಾಲು ಕೆಲಸ ಹತ್ತನೇ ತರಗತಿಯ ಕೊನೆಯ ತಿಂಗಳುಗಳಲ್ಲಿ ನಡೆಯುತ್ತದೆ. ವಿಶೇಷ ತರಗತಿ, ಪ್ರಶ್ನೆಪತ್ರಿಕೆಗಳ ಅಭ್ಯಾಸ, ಪಾಸಾಗುವಷ್ಟು ಪಾಠದ ಪಟ್ಟಿ. ಆ ಶಿಕ್ಷಕರ ಶ್ರಮ ದೊಡ್ಡದು, ಆದರೆ ಅದು ಬೀಳುತ್ತಿರುವುದು ಹೊತ್ತು ಮೀರಿದ ಮೇಲೆ.

ಅಂಕದ ನಿಯಮ ಬದಲಿಸಿ ಈ ಸೋಲನ್ನು ಮುಚ್ಚಲಾಗದು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದಾಗ ಫಲಿತಾಂಶ ಕುಸಿಯಿತು, ಕೃಪಾಂಕವನ್ನು ಶೇ 20ಕ್ಕೆ ಏರಿಸಿ ರಾಜ್ಯದ ಫಲಿತಾಂಶವನ್ನು ಶೇ 73.40ಕ್ಕೆ ತರಲಾಯಿತು. ಮರುವರ್ಷ ಆ ಆಸರೆ ತೆಗೆದಾಗ ಕಲಬುರಗಿಯ ನಿಜಸ್ಥಿತಿ ಕಂಡಿತು. 2025–26ನೇ ಸಾಲಿನಿಂದ ತೇರ್ಗಡೆಯ ಅಂಕವನ್ನು ಶೇ 35ರಿಂದ 33ಕ್ಕೆ ಇಳಿಸಲಾಗಿದೆ. ಇದರಿಂದ ಕೆಲವು ಮಕ್ಕಳಿಗೆ ಮುಂದಿನ ದಾರಿ ತೆರೆದೀತು. ಆದರೆ ಓದಲು ಬಾರದ ಮಗುವಿಗೆ ಅದರಿಂದ ಓದು ಬಂದುಬಿಡುವುದಿಲ್ಲ.

ಗುಳೆ, ರಾಶಿ, ಕೂಸು

ಕಲಬುರಗಿಯ ಹಿಂದುಳಿಯುವಿಕೆಗೆ ಇತಿಹಾಸವೂ ಇದೆ. ನಿಜಾಮರ ಆಳ್ವಿಕೆಯಲ್ಲಿ ಶಿಕ್ಷಣದ ಮಾಧ್ಯಮ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ್ದೂ ಅದೇ. ಮನೆಯಲ್ಲಿ ಕನ್ನಡ ಆಡುವ ಬಹುಪಾಲು ಮಕ್ಕಳಿಗೆ ಸಾಲಿ ಪರಕೀಯವಾಗಿತ್ತು. 1907ರಲ್ಲಿ ಹುಟ್ಟಿದ ನೂತನ ವಿದ್ಯಾಲಯ, ಶರಣಬಸವೇಶ್ವರ ಸಂಸ್ಥಾನದ ಸಾಲಿಗಳು, 1958ರಲ್ಲಿ ಮಹಾದೇವಪ್ಪ ರಾಂಪುರೆ ಅವರು ಕಟ್ಟಿದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಈ ನೆಲದ ಅಕ್ಷರದ ಹಸಿವನ್ನು ತಮ್ಮ ಕೈಲಾದಷ್ಟು ತಣಿಸಿದವು. 1948ರ ಸೆಪ್ಟೆಂಬರ್ 17ರಂದು ವಿಮೋಚನೆಯಾದಾಗ ಮೈಸೂರು ಸೀಮೆ ಹತ್ತಾರು ವರ್ಷ ಮುಂದೆ ಇತ್ತು. ಆ ಅಂತರ ತುಂಬಲಿಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75 ದಾಟಿದ್ದಾಗ ಕಲಬುರಗಿ ಜಿಲ್ಲೆಯದ್ದು ಸುಮಾರು 65. ಹೆಣ್ಣುಮಕ್ಕಳದ್ದು ಸುಮಾರು 55.

ಇತಿಹಾಸದ ಮೇಲೆ ಭಾರ ಹಾಕಿ ಕೂರುವಂತಿಲ್ಲ, ಯಾಕೆಂದರೆ ಇಂದಿಗೂ ಪ್ರತಿ ವರ್ಷ ಅದೇ ಕಾರಣಗಳು ಮಕ್ಕಳನ್ನು ಹಿಂದಕ್ಕೆ ಎಳೆಯುತ್ತಿವೆ. ದೀಪಾವಳಿ ಮುಗಿಯುತ್ತಿದ್ದಂತೆ ಕಮಲಾಪುರ, ಚಿಂಚೋಳಿ, ಆಳಂದ ಕಡೆಯ ತಾಂಡಾಗಳಿಂದ, ಹಳ್ಳಿಗಳಿಂದ ಕುಟುಂಬಗಳು ಗುಳೆ ಹೊರಡುತ್ತವೆ. ಕೆಲವರು ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ, ಕೆಲವರು ಮುಂಬೈ, ಪುಣೆ, ಹೈದರಾಬಾದ್‌ನ ಕಟ್ಟಡ ಕೆಲಸಕ್ಕೆ. ನೋಡಿಕೊಳ್ಳಲು ಅಜ್ಜ-ಅಜ್ಜಿ ಇದ್ದರೆ ಮಕ್ಕಳು ಊರಲ್ಲಿ ಉಳಿಯುತ್ತಾರೆ, ಇಲ್ಲದಿದ್ದರೆ ಜೊತೆಗೆ ಹೋಗುತ್ತಾರೆ. ತಿರುಗಿ ಬರುವುದು ಯುಗಾದಿ ಹೊತ್ತಿಗೆ. ಶೈಕ್ಷಣಿಕ ವರ್ಷದ ಅರ್ಧ ಅಷ್ಟರಲ್ಲಿ ಕೈತಪ್ಪಿರುತ್ತದೆ. ಗುಳೆ ಹೋಗದ ಮನೆಗಳಲ್ಲೂ ಡಿಸೆಂಬರ್, ಜನವರಿಯ ತೊಗರಿ ರಾಶಿಯ ಹೊತ್ತಿಗೆ ಸಾಲಿಯ ಕೋಣೆಗಳು ತೆಳ್ಳಗಾಗುತ್ತವೆ. ಹತ್ತಿ ಬಿಡಿಸಲು ಹೆಣ್ಣುಮಕ್ಕಳ ಕೈ ಬೇಕಾಗುತ್ತದೆ. ಅವ್ವ ಕೂಲಿಗೆ ಹೋದರೆ ಎಳೆಗೂಸನ್ನು ಎತ್ತಿಕೊಳ್ಳುವವಳು ಹತ್ತು ವರ್ಷದ ಅಕ್ಕ. ಹೈಸ್ಕೂಲು ಪಕ್ಕದೂರಲ್ಲಿದ್ದರೆ ಏಳನೇ ತರಗತಿಯ ನಂತರ ಅವಳ ಓದು ನಿಲ್ಲುವ ಭಯ ಬೇರೆ. ತಾಂಡಾದ ಮಗುವಿಗೆ ಮನೆಮಾತು ಲಂಬಾಣಿ, ಇನ್ನೆಷ್ಟೋ ಮಕ್ಕಳಿಗೆ ದಖನಿ ಉರ್ದು. ಕನ್ನಡದ ಮನೆಯ ಮಗುವಿಗೂ ಪಠ್ಯಪುಸ್ತಕದ ಕನ್ನಡ ಅವ್ವನ ಬಾಯಲ್ಲಿ ಕೇಳಿದ ಕನ್ನಡವಲ್ಲ.

ಇಷ್ಟೆಲ್ಲ ಅಡ್ಡಿಗಳ ನಡುವೆ ಮಗು ಹಿಂದೆ ಬಿದ್ದರೆ ಮನೆಯವರು ಹೇಳುವ ಮಾತು ಒಂದೇ: ‘ವಿದ್ಯಾ ತಲಿಗಿ ಹತ್ತಲಿಲ್ರಿ, ಏನ್ ಮಾಡೋದು?’ ತಪ್ಪು ಮಗುವಿನ ತಲೆಯದು ಎಂದು ಅಪ್ಪ-ಅವ್ವ ನಂಬುತ್ತಾರೆ, ಮಗುವೂ ನಂಬುತ್ತದೆ. ರೇಷನ್ ಸಿಗದಿದ್ದರೆ ತಹಶೀಲ್ದಾರ್ ಕಚೇರಿಗೆ ಹೋಗಿ ಕೇಳುವ ಜನ ಕಲಿಸದಿದ್ದರೆ ಕೇಳುವುದಿಲ್ಲ. ಅದು ತಮ್ಮ ಹಕ್ಕು, ಸಿಗದೇ ಹೋದದ್ದು ತಮಗಾದ ಅನ್ಯಾಯ ಎಂದು ಅವರಿಗೆ ಯಾರೂ ತಿಳಿಸಿಲ್ಲ. ಅಕ್ಕಿಯ ಬಡತನ ಮನುಷ್ಯನನ್ನು ಕೇಳಲು ಹಚ್ಚುತ್ತದೆ. ಅಕ್ಷರದ ಬಡತನ ಕೇಳುವ ಬಾಯನ್ನೇ ಮುಚ್ಚುತ್ತದೆ.

ನೆರವು ನಿಲ್ಲುವ ಹೊಸ್ತಿಲು

ಕಲಬುರಗಿ ಸೇರಿದ ಕಲ್ಯಾಣ ಕರ್ನಾಟಕ ಭಾಗಕ್ಕೆ ಸರ್ಕಾರಗಳು ಏನೂ ಮಾಡಿಲ್ಲ ಎಂದರೆ ಅದು ಸುಳ್ಳು. 2002ರ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಕಲಬುರಗಿ ವಿಭಾಗದವು. 2012ರಲ್ಲಿ ಸಂಸತ್ತು ಅಂಗೀಕರಿಸಿದ 98ನೇ ತಿದ್ದುಪಡಿಯಿಂದ ಸಂವಿಧಾನದ 371 (ಜೆ) ವಿಧಿ ಬಂತು. ಸ್ಥಳೀಯ ವೃಂದದ ಗ್ರೂಪ್ ಎ ಕಿರಿಯ ಶ್ರೇಣಿ ಮತ್ತು ಗ್ರೂಪ್ ಬಿ ಹುದ್ದೆಗಳಲ್ಲಿ ಶೇ 75, ಗ್ರೂಪ್ ಸಿಯಲ್ಲಿ 80, ಗ್ರೂಪ್ ಡಿಯಲ್ಲಿ 85 ಈ ಭಾಗದವರಿಗೆ ಮೀಸಲಾದವು. ಇಲ್ಲಿನ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70 ಸೀಟು ಸಿಕ್ಕವು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024–25ರ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಯಿತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, 2009ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ, ಮೆಡಿಕಲ್ ಕಾಲೇಜುಗಳು. ಮೇಲಿನ ಮಹಡಿ ಎದ್ದು ನಿಂತಿದೆ.

ಆದರೆ ಈ ಪ್ರತಿಯೊಂದು ಅವಕಾಶಕ್ಕೂ ಒಂದು ಹೊಸ್ತಿಲಿದೆ. ಮೀಸಲು ಹುದ್ದೆಗೆ ಎಸ್ಸೆಸ್ಸೆಲ್ಸಿ ಬೇಕು, ಪಿಯುಸಿ ಬೇಕು, ಪದವಿ ಬೇಕು. ಮೀಸಲು ಸೀಟಿಗೆ ಪಿಯುಸಿ ಪಾಸಾಗಬೇಕು. 2024ರ ಜನವರಿಯಲ್ಲಿ ಚಾಲನೆಗೊಂಡ ಯುವನಿಧಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮುಗಿಸಿದವರಿಗೆ 1,500 ರೂಪಾಯಿ ಕೊಡುತ್ತದೆ. ಒಳ್ಳೆಯ ಯೋಜನೆಯೇ. ಆದರೆ ಎಸ್ಸೆಸ್ಸೆಲ್ಸಿ ಫೇಲಾಗಿ ಹೋಟೆಲಿನಲ್ಲಿ ಲೋಟ ತೊಳೆಯುವ, ಪುಣೆಯಲ್ಲಿ ಇಟ್ಟಿಗೆ ಹೊರುವ ಹುಡುಗನ ನಿರುದ್ಯೋಗಕ್ಕೆ ಅದರಲ್ಲಿ ಜಾಗವಿಲ್ಲ. ಅಂದರೆ ಕಲಿಕೆಯಲ್ಲಿ ಎಲ್ಲರಿಗಿಂತ ಬಡವನಾದವನೇ ನೆರವಿನಿಂದ ಎಲ್ಲರಿಗಿಂತ ದೂರ. 371 (ಜೆ) ನಮಗೆ ಹೋರಾಡಿ ದಕ್ಕಿದ ಹಕ್ಕು. ಅದು ಈಗಾಗಲೇ ಓದಿದ ಮನೆಗಳ ಮಕ್ಕಳಿಗಷ್ಟೇ ದಕ್ಕುವ ಹಕ್ಕಾಗಿ ಉಳಿದರೆ ನಮ್ಮೊಳಗೇ ಹೊಸ ಹಿಂದುಳಿದವರನ್ನು ನಾವೇ ಹುಟ್ಟಿಸಿದಂತೆ.

ಗೃಹಲಕ್ಷ್ಮಿಯ 2,000 ರೂಪಾಯಿ, ಅನ್ನಭಾಗ್ಯದ ಅಕ್ಕಿ, 2023ರ ಆಗಸ್ಟ್‌ನಲ್ಲಿ ಕಲಬುರಗಿಯಲ್ಲೇ ಚಾಲನೆ ಪಡೆದ ಗೃಹಜ್ಯೋತಿ ಬಡ ಮನೆಯ ಉಸಿರಾಟವನ್ನು ಹಗುರ ಮಾಡಿವೆ ಎಂಬುದರಲ್ಲಿ ಅನುಮಾನವಿಲ್ಲ. ಅವು ಇಂದಿನ ಬಡತನದ ಜೊತೆ ಹೋರಾಡುತ್ತವೆ. ಮುಂದಿನ ಇಪ್ಪತ್ತು ವರ್ಷದ ಬಡತನವನ್ನು ತಡೆಯಬಲ್ಲದ್ದು ಮಾತ್ರ ಒಂದರಿಂದ ಮೂರನೇ ತರಗತಿಯ ಕೋಣೆಯೇ. ಇವೆರಡೂ ಒಂದೇ ಕೆಲಸದ ಎರಡು ಭಾಗ ಎಂದು ತಿಳಿದು ನಡೆದ ಉದಾಹರಣೆ ನಮ್ಮಲ್ಲೇ ಇದೆ. ಅಕ್ಷರ ದಾಸೋಹದ ಬಿಸಿಯೂಟ 2002ರ ಜೂನ್‌ನಲ್ಲಿ ಮೊದಲು ಶುರುವಾದದ್ದು ಗುಲಬರ್ಗಾ ಸೇರಿದಂತೆ ಏಳು ಈಶಾನ್ಯ ಜಿಲ್ಲೆಗಳಲ್ಲಿ. 2021ರ ಡಿಸೆಂಬರ್‌ನಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಸೇರಿದ್ದೂ ಮೊದಲು ಈ ಭಾಗದ ಜಿಲ್ಲೆಗಳಲ್ಲೇ. ಹಸಿದ ಮಗು ಕಲಿಯಲಾರದು ಎಂಬುದನ್ನು ಸರ್ಕಾರ ಒಪ್ಪಿಕೊಂಡಿತು, ಹಸಿವನ್ನು ಸಾಲಿಯ ವಿಷಯ ಮಾಡಿತು. ಈಗ ಉಳಿದಿರುವುದು ಅದರ ಮರುಪಾಠ: ಕಲಿಕೆಯನ್ನು ಬಡತನದ ವಿಷಯ ಮಾಡುವುದು.

ಇದರ ಅರ್ಥ ಅಕ್ಕಿಗೂ ಹಣಕ್ಕೂ ಓದಿನ ಷರತ್ತು ಹಾಕುವುದಲ್ಲ. 2006ರಲ್ಲಿ ಬಂದ ಭಾಗ್ಯಲಕ್ಷ್ಮಿ ಬಾಂಡ್ ಹೆಣ್ಣುಮಗು ಎಂಟನೇ ತರಗತಿವರೆಗೆ ಓದಬೇಕು, 18ಕ್ಕೆ ಮೊದಲು ಮದುವೆಯಾಗಬಾರದು ಎಂದಿತ್ತು. ಮೆಕ್ಸಿಕೊ 1997ರಲ್ಲಿ ಆರಂಭಿಸಿದ ಪ್ರೊಗ್ರೆಸ ಯೋಜನೆ ಮಕ್ಕಳ ಹಾಜರಾತಿಗೆ ಹಣ ಕೊಟ್ಟು ದಾಖಲಾತಿ ಹೆಚ್ಚಿಸಿತು. ಇಂಥ ಷರತ್ತು ಮಗುವನ್ನು ಸಾಲಿಯ ಬಾಗಿಲಿಗೆ ತರಬಲ್ಲದು. ಬಾಗಿಲೊಳಗೆ ಕಲಿಸುವ ಹೊಣೆ ಬಡ ಅವ್ವನದಲ್ಲ, ಸರ್ಕಾರದ್ದು. ಷರತ್ತು ಹಾಕಬೇಕಾದದ್ದು ಸರ್ಕಾರ ತನಗೆ ತಾನೇ.

ಆಗಬೇಕಾದ್ದು

ಮೊದಲನೆಯದಾಗಿ, ಎಣಿಸಬೇಕು. ನಾಲ್ಕನೇ ತರಗತಿಯ ಪ್ರತಿ ಮಗುವಿಗೆ ಒಂದು ಪುಟ ಓದಿಸಿ, ಗ್ರಾಮ ಪಂಚಾಯಿತಿವಾರು ಲೆಕ್ಕವನ್ನು ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಜಿಲ್ಲೆಯ, ತಾಲ್ಲೂಕಿನ ಸರಾಸರಿ ಸಾಲದು. ಕಮಲಾಪುರ ಬಹುಕಾಲ ಕಲಬುರಗಿ ತಾಲ್ಲೂಕಿನೊಳಗೇ ಇತ್ತು. ನಗರದ ಕಾಲೇಜು, ಕಾನ್ವೆಂಟುಗಳ ಜೊತೆ ಅದರ ಹಳ್ಳಿಗಳನ್ನೂ ಕೂಡಿಸಿ ಸರಾಸರಿ ತೆಗೆದಾಗ ಅವುಗಳ ಕೊರತೆ ಕಾಣುವುದು ಕಷ್ಟ. ತಾಜಸುಲ್ತಾನಪುರದಂಥ ನಗರದಂಚಿನ ಊರುಗಳ ಗತಿಯೂ ಅದೇ. ಈ ಎಣಿಕೆ ಶಿಕ್ಷಕರನ್ನು ದಂಡಿಸುವುದಕ್ಕಲ್ಲ. ಯಾವ ಊರಿಗೆ ಹೆಚ್ಚು ಹಣ, ಹೆಚ್ಚು ಶಿಕ್ಷಕರು ಬೇಕು ಎಂದು ತಿಳಿಯುವುದಕ್ಕೆ.

ಎರಡನೆಯದಾಗಿ, ಹಣ ಮೊದಲು ಕೆಳಗಿನ ತರಗತಿಗಳಿಗೆ ಹರಿಯಬೇಕು. ‘ಅಕ್ಷರ ಆವಿಷ್ಕಾರ’ದ ಹೆಸರಿನಲ್ಲಿ ಪ್ರದೇಶಾಭಿವೃದ್ಧಿ ಮಂಡಳಿ ಶಿಕ್ಷಣಕ್ಕೆ ಆದ್ಯತೆ ಕೊಟ್ಟಿರುವುದು, ಈ ಭಾಗದ ಸಾವಿರದಷ್ಟು ಸರ್ಕಾರಿ ಶಾಲೆಗಳಲ್ಲಿ ಪೂರ್ವ ಪ್ರಾಥಮಿಕ ತರಗತಿ ತೆರೆದಿರುವುದು ಸರಿಯಾದ ದಿಕ್ಕಿನ ಹೆಜ್ಜೆ. ಅಭಿವೃದ್ಧಿ ಅನುದಾನ ಎಂದರೆ ಕೋಣೆ, ಕಾಂಪೌಂಡು, ಕಮಾನು ಎಂಬ ರೂಢಿಯಿಂದ ಮಂಡಳಿ ಹೊರಬರಬೇಕು. ಒಂದರಿಂದ ಮೂರನೇ ತರಗತಿಗೆ ಕಾಯಂ ಶಿಕ್ಷಕರಿರಬೇಕು. ಅತಿಥಿ ಶಿಕ್ಷಕರೇ ಬೇಕಾದಲ್ಲಿ ಜೂನ್ ಮೊದಲ ದಿನವೇ ಅವರು ತರಗತಿಯಲ್ಲಿರಬೇಕು. ಮಗುವಿನ ತರಗತಿ ನೋಡದೆ ಅದರ ಓದಿನ ಮಟ್ಟ ನೋಡಿ ಕಲಿಸುವ ವಿಧಾನ ನಮ್ಮ ಶಿಕ್ಷಕರಿಗೆ ಹೊಸದಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ನಲಿ-ಕಲಿ, ಆಮೇಲಿನ ‘ಓದು ಕರ್ನಾಟಕ’, ಎಂಟನೇ ತರಗತಿಯ ‘ಮರುಸಿಂಚನ’ ಎಲ್ಲದರ ತಿರುಳೂ ಅದೇ. ಅದಕ್ಕೆ ದಿನದ ಪಾಠದಲ್ಲಿ ಕಾಯಂ ಹೊತ್ತು ಸಿಗಬೇಕು.

ಮೂರನೆಯದಾಗಿ, ಗುಳೆಯ ಕ್ಯಾಲೆಂಡರಿಗೆ ಸರ್ಕಾರ ಹೊಂದಿಕೊಳ್ಳಬೇಕು. ಋತುಮಾನದ ವಸತಿ ನಿಲಯಗಳು ಕುಟುಂಬ ಹೊರಟುಹೋದ ಮೇಲೆ ತೆರೆದರೆ ಯಾರಿಗೆ ಉಪಯೋಗ? ದೀಪಾವಳಿಗೆ ಮೊದಲೇ ಹಾಸಿಗೆ, ಅಡುಗೆಯವರು, ವಾರ್ಡನ್ ಸಿದ್ಧವಿದ್ದರೆ ಅವ್ವ ಮಗುವನ್ನು ನಂಬಿಕೆಯಿಂದ ಬಿಟ್ಟು ಹೋಗುತ್ತಾಳೆ.

ನಾಲ್ಕನೆಯದಾಗಿ, ಹೆಣ್ಣುಮಗುವಿನ ಕೈಯಿಂದ ಕೂಸನ್ನು ಇಳಿಸಬೇಕು. ಗ್ರಾಮ ಪಂಚಾಯಿತಿಗಳ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರ ಚೆನ್ನಾಗಿ ನಡೆದ ಊರಲ್ಲಿ ಅಕ್ಕನೂ ಸಾಲಿಗೆ ಹೋಗುತ್ತಾಳೆ. ಶಕ್ತಿ ಯೋಜನೆಯಿಂದ ಅವಳಿಗೆ ಬಸ್ ಪ್ರಯಾಣ ಉಚಿತ. ಆದರೆ ಹೈಸ್ಕೂಲಿನ ಗಂಟೆಗೆ ಸರಿಯಾಗಿ ಬಸ್ಸೇ ಬಾರದಿದ್ದರೆ ಆ ಉಚಿತ ಟಿಕೆಟ್ ಅವಳಿಗೆ ಪ್ರಯೋಜನಕ್ಕೆ ಬಾರದು. ವೇಳಾಪಟ್ಟಿ ಬರೆಯುವಾಗ ಸಾರಿಗೆ ನಿಗಮ ಸಾಲಿಯ ಗಂಟೆಯನ್ನು ಕೇಳಿ ಬರೆಯಲಿ.

ಕೊನೆಯದಾಗಿ, ಈಗಾಗಲೇ ಸೋತ ಯುವಕರನ್ನು ಕೈಬಿಡಬಾರದು. ಎಸ್ಸೆಸ್ಸೆಲ್ಸಿ ದಾಟದ 16ರಿಂದ 25 ವಯಸ್ಸಿನವರಿಗೆ ಸಂಜೆ ತರಗತಿ, ಮುಕ್ತ ಶಾಲೆಯ ಪರೀಕ್ಷೆ, ಕಲಿಯುವ ತಿಂಗಳುಗಳಿಗೆ ಯುವನಿಧಿಯ ಮಾದರಿಯ ಭತ್ಯೆ ಬೇಕು. ಪಂಚಾಯಿತಿ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾಗಿ ಹೊಸ ಜೀವ ಪಡೆದಿವೆ; ಈ ಕೆಲಸಕ್ಕೆ ಅವುಗಳಿಗಿಂತ ಹತ್ತಿರದ ಜಾಗ ಬೇಕಿಲ್ಲ.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಮಗುವಿಗೆ ಸಾಲಿಯಲ್ಲಿ ಜಾಗ ಕೊಟ್ಟಿತು. ಕಲಿತು ಹೊರಬರುವ ಖಾತರಿ ಇನ್ನೂ ಸಿಕ್ಕಿಲ್ಲ. ಆ ಖಾತರಿ ಮಾಡಿಕೊಡುವುದು ಶಿಕ್ಷಣ ಇಲಾಖೆಯೊಂದರಿಂದ ಆಗದು. ಪಂಚಾಯಿತಿ, ಸಾರಿಗೆ, ಕಾರ್ಮಿಕ, ಮಹಿಳಾ ಮತ್ತು ಮಕ್ಕಳ ಇಲಾಖೆ, ಪ್ರದೇಶಾಭಿವೃದ್ಧಿ ಮಂಡಳಿ ಎಲ್ಲರೂ ಹೆಗಲು ಕೊಡಬೇಕಾದ ಬಡತನ ನಿರ್ಮೂಲನೆಯ ಕೆಲಸ ಇದು. ಮುಂದಿನ ಬಜೆಟ್‌ನಲ್ಲಿ ಈ ಜಿಲ್ಲೆಯ ಶಾಸಕರು, ಸಚಿವರು ರಸ್ತೆ, ಸೇತುವೆಗಳ ಜೊತೆ ಇನ್ನೊಂದು ಬೇಡಿಕೆಯನ್ನೂ ಇಡಲಿ: ಐದು ವರ್ಷದೊಳಗೆ ಕಲಬುರಗಿ ಜಿಲ್ಲೆಯ ನಾಲ್ಕನೇ ತರಗತಿಯ ಪ್ರತಿ ಮಗು ತನ್ನ ಪಾಠವನ್ನು ತಾನೇ ಓದಬೇಕು, ಅದಕ್ಕೆ ಬೇಕಾದ ಶಿಕ್ಷಕರೂ ಹಣವೂ ಬಜೆಟ್ ಪುಸ್ತಕದಲ್ಲಿ ಪ್ರತ್ಯೇಕ ಸಾಲಾಗಿ ಕಾಣಬೇಕು. ಅವರು ಇಡದಿದ್ದರೆ ಗ್ರಾಮಸಭೆಗಳಲ್ಲಿ ಅಪ್ಪ-ಅವ್ವಂದಿರು ಎದ್ದು ನಿಂತು ಕೇಳಬೇಕು. ಅಕ್ಕಿ ಕೇಳಿದಷ್ಟೇ ಗಟ್ಟಿ ದನಿಯಲ್ಲಿ ಅಕ್ಷರ ಕೇಳುವ ಹಕ್ಕು ಅವರಿಗಿದೆ.